ತಾರೆಯಾಗುವ ಮೊದಲು ನೋಡಿದವರು

2012ರ ಮಾರ್ಚ್ 19ರ ರಾತ್ರಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಒರಾಕಲ್ ಅರೇನಾದಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಬಾಸ್ಕೆಟ್‌ಬಾಲ್ ತಂಡ ತನ್ನ ಹಳೆಯ ಆಟಗಾರ ಕ್ರಿಸ್ ಮಲಿನ್ ಅವರನ್ನು ಗೌರವಿಸುತ್ತಿತ್ತು. ಅವರು ತೊಡುತ್ತಿದ್ದ 17ನೇ ನಂಬರಿನ ಅಂಗಿಯನ್ನು ಇನ್ನು ಮುಂದೆ ಯಾವ ಆಟಗಾರನಿಗೂ ಕೊಡುವುದಿಲ್ಲ ಎಂದು ಸಾರುವ ಸಮಾರಂಭ ಅದು. ತಂಡದ ಮಾಲೀಕ ಜೋ ಲೇಕಬ್ ಮೈಕ್ ಹಿಡಿದದ್ದೇ ತಡ, ಕ್ರೀಡಾಂಗಣ ಧಿಕ್ಕಾರ ಕೂಗತೊಡಗಿತು. ಮಲಿನ್ ಪಕ್ಕಕ್ಕೆ ಬಂದು ನಿಂತು ಜನರನ್ನು ಸಮಾಧಾನಪಡಿಸಲು ನೋಡಿದರು. 1975ರಲ್ಲಿ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟಿದ್ದ ರಿಕ್ ಬ್ಯಾರಿ ಮೈಕ್ ತೆಗೆದುಕೊಂಡು ಗದರಿಯೇ ಬಿಟ್ಟರು. ಕೂಗು ಇನ್ನಷ್ಟು ಜೋರಾಯಿತು. ಜನರ ಸಿಟ್ಟಿಗೆ ಕಾರಣವಿತ್ತು. ಅದಕ್ಕೆ ಕೆಲವೇ ದಿನ ಮೊದಲು ತಂಡ ತನ್ನ ಅತ್ಯಂತ ಜನಪ್ರಿಯ ಆಟಗಾರ ಮಾಂಟೆ ಎಲಿಸ್ ಅವರನ್ನು ಮಿಲ್ವಾಕಿ ತಂಡಕ್ಕೆ ಬಿಟ್ಟುಕೊಟ್ಟು, ಕಣಕಾಲು ಮುರಿದುಕೊಂಡು ಆ ಸೀಸನ್ನಿನಲ್ಲಿ ಅಂಗಳಕ್ಕಿಳಿಯುವ ಸ್ಥಿತಿಯಲ್ಲಿಲ್ಲದ ಆಂಡ್ರೂ ಬೋಗಟ್ ಅವರನ್ನು ತಂದುಕೊಂಡಿತ್ತು.

ಎಲಿಸ್ ಹೋದ ಮೇಲೆ ತಂಡದ ಆಟವನ್ನು ನಡೆಸುವ ಹೊಣೆ ಬಿದ್ದದ್ದು ಸ್ಟೀಫನ್ ಕರಿ ಎಂಬ ಇಪ್ಪತ್ತನಾಲ್ಕರ ಯುವಕನ ಮೇಲೆ. ಮೂರು ವರ್ಷ ಕಳೆಯುವಷ್ಟರಲ್ಲಿ, 2015ರ ಜೂನ್‌ನಲ್ಲಿ, ವಾರಿಯರ್ಸ್ ನಲವತ್ತು ವರ್ಷಗಳ ನಂತರ ಮೊದಲ ಬಾರಿಗೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪ್ರಶಸ್ತಿ ಗೆದ್ದಿತು. ಕರಿ ಆ ಸೀಸನ್ನಿನ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಇಂದು ಈ ಕತೆಯನ್ನು ಕೇಳುವವರಿಗೆ ಎಲ್ಲವೂ ಮೊದಲೇ ನಿಶ್ಚಯವಾಗಿತ್ತು ಎನಿಸುತ್ತದೆ: ಪ್ರತಿಭಾವಂತ ಹುಡುಗ, ದೂರದೃಷ್ಟಿಯ ಮಾಲೀಕ, ಕಾದು ಗೆದ್ದ ಅಭಿಮಾನಿಗಳು. ಆದರೆ ಮಾರ್ಚ್ 19ರ ಆ ಕೂಗು ಬೇರೆಯದೇ ಸಾಕ್ಷಿ ನುಡಿಯುತ್ತದೆ. ಮೆಚ್ಚಿನ ಆಟಗಾರನೊಬ್ಬ ಮೇಲೇರುವುದನ್ನು ಮೊದಲಿನಿಂದ ಕಂಡ ಅಭಿಮಾನಿಯ ನೆನಪಿಗೆ ನಿಜವಾದ ಬೆಲೆ ಬರುವುದು, ಅದರಲ್ಲಿ ಅಂದಿನ ಅನುಮಾನವೂ ಉಳಿದಿದ್ದರೆ ಮಾತ್ರ ಎಂಬುದು ನನ್ನ ವಾದ. ‘ನನಗೆ ಆಗಲೇ ಗೊತ್ತಿತ್ತು’ ಎನ್ನುವ ಅಭಿಮಾನಿ ತಾನು ಕಂಡದ್ದರಲ್ಲಿ ಅತ್ಯಮೂಲ್ಯವಾದುದನ್ನೇ ಕಳೆದುಕೊಂಡಿರುತ್ತಾನೆ.

ಮೊದಲು ಕೂಗಿದವರ ಪರವಾಗಿ ಒಂದು ಮಾತು ಹೇಳಬೇಕು. ಅವರು ದಡ್ಡರಾಗಿರಲಿಲ್ಲ. ಎನ್‌ಬಿಎಯಲ್ಲಿ ಮೂವತ್ತು ತಂಡಗಳಿವೆ. ಪ್ರತಿ ವರ್ಷ ಹೊಸ ಆಟಗಾರರನ್ನು ಡ್ರಾಫ್ಟ್ ಎಂಬ ವ್ಯವಸ್ಥೆಯಲ್ಲಿ ಸರದಿಯಂತೆ ಆರಿಸಿಕೊಳ್ಳುತ್ತಾರೆ. ಹಿಂದಿನ ವರ್ಷ ಹೆಚ್ಚು ಸೋತ ತಂಡಗಳಿಗೆ ಮೊದಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು. ಹೀಗಾಗಿ ಯಾರು ಎಷ್ಟನೆಯವರಾಗಿ ಆಯ್ಕೆಯಾದರು ಎಂಬುದು ಅಂದಿನ ಪರಿಣತರು ಆ ಆಟಗಾರನಿಗೆ ಕಟ್ಟಿದ ಬೆಲೆ ಎಷ್ಟು ಎಂಬುದರ ದಾಖಲೆಯೂ ಹೌದು. ಎಲಿಸ್ 2005ರಲ್ಲಿ ಮಿಸಿಸಿಪ್ಪಿಯ ಹೈಸ್ಕೂಲಿನಿಂದ ನೇರವಾಗಿ ಬಂದು 40ನೆಯವರಾಗಿ ಆಯ್ಕೆಯಾಗಿದ್ದರು. ಅಂಥವರಲ್ಲಿ ಬಹುತೇಕರು ಎರಡು ಮೂರು ವರ್ಷಗಳಲ್ಲಿ ಲೀಗಿನಿಂದ ಹೊರಬೀಳುತ್ತಾರೆ. ಎಲಿಸ್ ಹಾಗಾಗಲಿಲ್ಲ. ಎರಡನೇ ಸೀಸನ್ನಿನಲ್ಲೇ ಅತಿ ಹೆಚ್ಚು ಸುಧಾರಿಸಿದ ಆಟಗಾರ ಎಂಬ ಪ್ರಶಸ್ತಿ ಪಡೆದರು. 2007ರಲ್ಲಿ ಎಂಟನೇ ಸ್ಥಾನದ ವಾರಿಯರ್ಸ್, 67 ಪಂದ್ಯ ಗೆದ್ದು ಅಗ್ರಸ್ಥಾನದಲ್ಲಿದ್ದ ಡಲ್ಲಾಸ್ ತಂಡವನ್ನು ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದಾಗ ಅವರೂ ತಂಡದಲ್ಲಿದ್ದರು. ಸೋಲೇ ಹೆಚ್ಚಿದ್ದ ಮುಂದಿನ ವರ್ಷಗಳಲ್ಲಿ ಪಂದ್ಯಕ್ಕೆ ಇಪ್ಪತ್ತಕ್ಕೂ ಹೆಚ್ಚು ಅಂಕ ಗಳಿಸುತ್ತಾ ಜನರನ್ನು ಕುರ್ಚಿಗೆ ಅಂಟಿಸಿ ಕೂರಿಸಿದವರು ಅವರು. ಓಕ್ಲೆಂಡಿನ ಪ್ರೇಕ್ಷಕರು ಕಣ್ಣಾರೆ ಕಂಡು ಬೆಳೆಸಿದ ತಾರೆ ಅಂದಿಗೆ ಎಲಿಸ್ ಆಗಿದ್ದರೇ ಹೊರತು ಕರಿ ಅಲ್ಲ.

ಕರಿಯ ಬಗ್ಗೆ ಅಂದು ಕೈಯಲ್ಲಿದ್ದ ಪುರಾವೆಯಾದರೂ ಎಂಥದು? ತಂದೆ ಡೆಲ್ ಕರಿ ಎನ್‌ಬಿಎಯಲ್ಲಿ ಹೆಸರು ಮಾಡಿದ್ದ ಗುರಿಕಾರ. ಆದರೂ ಮಗನಿಗೆ ದೊಡ್ಡ ಕಾಲೇಜುಗಳ ಬಾಗಿಲು ತೆರೆಯಲಿಲ್ಲ. ತಂದೆ ಆಡಿದ್ದ ವರ್ಜಿನಿಯಾ ಟೆಕ್ ಕೂಡ ವಿದ್ಯಾರ್ಥಿವೇತನ ಕೊಡಲು ಮುಂದಾಗಲಿಲ್ಲ. ಹುಡುಗ ಕುಳ್ಳ, ಸಪೂರ, ಎದುರಾಳಿಯ ಒಂದು ಡಿಕ್ಕಿಗೆ ಬಿದ್ದುಹೋಗುತ್ತಾನೆ ಎಂಬ ಲೆಕ್ಕ. ಕೊನೆಗೆ ಆತನನ್ನು ಕರೆದದ್ದು ನಾರ್ತ್ ಕೆರೊಲಿನಾದ ಡೇವಿಡ್‌ಸನ್ ಎಂಬ ಪುಟ್ಟ ಕಾಲೇಜು. ಅಲ್ಲಿನ ಮೊದಲ ಪಂದ್ಯದಲ್ಲಿ ಕರಿ ಹದಿಮೂರು ಸಲ ಚೆಂಡನ್ನು ಎದುರಾಳಿಗೆ ಕಳೆದುಕೊಂಡರು. ಕೋಚ್ ಬಾಬ್ ಮೆಕಿಲಪ್ ಮರುದಿನವೂ ಆಡಿಸಿದರು. ಮಿಷಿಗನ್ ವಿರುದ್ಧ 32 ಅಂಕ ಬಂತು. 2008ರ ಕಾಲೇಜು ಟೂರ್ನಿಯಲ್ಲಿ ಆ ಪುಟ್ಟ ಕಾಲೇಜು ಗೊಂಜಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ತಂಡಗಳನ್ನು ಮಣಿಸಿ, ಆ ವರ್ಷ ಚಾಂಪಿಯನ್ ಆದ ಕ್ಯಾನ್ಸಸ್ ಎದುರು ಕೇವಲ ಎರಡು ಅಂಕಗಳಿಂದ ಸೋತಾಗ ದೇಶವೆಲ್ಲ ಕರಿಯನ್ನು ನೋಡಿತ್ತು. ಹಾಗಿದ್ದೂ 2009ರ ಡ್ರಾಫ್ಟ್‌ನಲ್ಲಿ ಸಿಕ್ಕಿದ್ದು ಏಳನೇ ಸ್ಥಾನ. ಅದಕ್ಕೆ ಮೊದಲಿನ ಎರಡು ಸರದಿಗಳು ಒಂದೇ ತಂಡದ್ದು. ಮಿನ್ನೆಸೋಟ ಆ ಎರಡರಲ್ಲೂ ಕರಿ ಆಡುವ ಜಾಗದ ಆಟಗಾರರನ್ನೇ ಆರಿಸಿತು: ರಿಕಿ ರೂಬಿಯೊ ಮತ್ತು ಜಾನಿ ಫ್ಲಿನ್. ಫ್ಲಿನ್ ಎನ್‌ಬಿಎಯಲ್ಲಿ ಉಳಿದದ್ದು ಮೂರೇ ಸೀಸನ್.

ಮೊದಲ ವರ್ಷದ ಅತ್ಯುತ್ತಮ ಹೊಸಬ ಎಂಬ ಪ್ರಶಸ್ತಿಯೂ ಕರಿಗೆ ಬರಲಿಲ್ಲ. ಅದನ್ನು ಪಡೆದವರು ಸ್ಯಾಕ್ರಮೆಂಟೊ ತಂಡದ ಟೈರೀಕ್ ಎವಾನ್ಸ್. ಮೊದಲ ಸೀಸನ್ನಿನಲ್ಲೇ ಸರಾಸರಿ 20 ಅಂಕ, ಐದು ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), ಐದು ಅಸಿಸ್ಟ್ (ಬುಟ್ಟಿಗೆ ದಾರಿಮಾಡುವ ಪಾಸ್) ದಾಟಿದವರು ಅವರಿಗಿಂತ ಮೊದಲು ಮೂವರೇ ಇದ್ದರು: ಆಸ್ಕರ್ ರಾಬರ್ಟ್‌ಸನ್, ಮೈಕೆಲ್ ಜೋರ್ಡಾನ್, ಲೆಬ್ರಾನ್ ಜೇಮ್ಸ್. 2010ರಲ್ಲಿ ಯಾರ ಭವಿಷ್ಯದ ಮೇಲೆ ಪಣ ಕಟ್ಟುತ್ತೀರಿ ಎಂದು ಕೇಳಿದ್ದರೆ ಬುದ್ಧಿವಂತನಾದವನು ಎವಾನ್ಸ್ ಹೆಸರು ಹೇಳುತ್ತಿದ್ದ. ಅವರು ಮುಂದೆ ಒಮ್ಮೆಯೂ ಲೀಗಿನ ತಾರೆಯರ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಲಿಲ್ಲ. ಇತ್ತ ಕರಿಯ ಬಲ ಕಣಕಾಲು ಮತ್ತೆ ಮತ್ತೆ ಉಳುಕತೊಡಗಿತು. 2011ರಲ್ಲಿ ಒಂದು ಶಸ್ತ್ರಚಿಕಿತ್ಸೆ, 2012ರಲ್ಲಿ ಇನ್ನೊಂದು. ಎಲಿಸ್ ಅವರನ್ನು ಕಳಿಸಿದ ಆ ಸೀಸನ್ನಿನಲ್ಲಿ ನಡೆದ 66 ಪಂದ್ಯಗಳಲ್ಲಿ ಕರಿ ಆಡಿದ್ದು 26 ಮಾತ್ರ. ಅಂದು ಧಿಕ್ಕಾರ ಕೂಗಿದವರು ಕಣ್ಣೆದುರಿನ ಪುರಾವೆಯನ್ನು ತೂಗಿಯೇ ಕೂಗಿದ್ದರು.

ಆ ಅನುಮಾನ ಎಷ್ಟು ನಿಜವಾಗಿತ್ತು ಎಂದರೆ ಅದಕ್ಕೆ ಡಾಲರ್ ಲೆಕ್ಕದಲ್ಲಿ ಬೆಲೆಯೂ ಇತ್ತು. 2012ರ ಅಕ್ಟೋಬರ್ ಕೊನೆಯಲ್ಲಿ ಕರಿ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಆ ಮಟ್ಟದ ಆಟಗಾರನ ಕಾಲು ಗಟ್ಟಿಯಾಗಿದ್ದರೆ ಇನ್ನೂ ಬಹಳ ಹೆಚ್ಚು ಕೇಳಬಹುದಿತ್ತು. ಎನ್‌ಬಿಎಯಲ್ಲಿ ಪ್ರತಿ ತಂಡ ಸಂಬಳಕ್ಕೆ ಸುರಿಯುವ ಹಣಕ್ಕೆ ಮಿತಿ ಇರುವುದರಿಂದ, ಕರಿಯ ಮೇಲೆ ಉಳಿದ ಹಣ ಆಂಡ್ರೆ ಇಗುಡಾಲ ಅಂಥವರನ್ನು ತರಲು ದಾರಿಮಾಡಿತು. 2015-16ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನಾಗಿದ್ದಾಗ ಕರಿ ಸ್ವಂತ ತಂಡದಲ್ಲೇ ಸಂಬಳದಲ್ಲಿ ಐದನೆಯವರು. ಅಂದರೆ ಈತ ಉಳಿಯುತ್ತಾನೋ ಇಲ್ಲವೋ ಎಂಬ ಭಯವೇ ಮುಂದಿನ ಗೆಲುವಿಗೆ ಬಂಡವಾಳವಾಯಿತು. ಅನುಮಾನವನ್ನು ಅಳಿಸಿಬಿಟ್ಟರೆ ವಾರಿಯರ್ಸ್ ತನ್ನ ತಂಡವನ್ನು ಹೇಗೆ ಕಟ್ಟಿಕೊಂಡಿತು ಎಂಬುದೇ ಅರ್ಥವಾಗುವುದಿಲ್ಲ.

ಕರಿ ಏರಿದ ಬಗೆಯೂ ಒಂದೇ ನೆಗೆತದ್ದಲ್ಲ. ಹೈಸ್ಕೂಲಿನಲ್ಲಿದ್ದಾಗ ಸೊಂಟದ ಮಟ್ಟದಿಂದ ಚೆಂಡೆಸೆಯುತ್ತಿದ್ದ ಮಗನಿಗೆ ತಂದೆ ಒಂದು ಬೇಸಿಗೆಯಿಡೀ ತಲೆಯ ಮೇಲಿಂದ ಎಸೆಯುವುದನ್ನು ಕಲಿಸಿದ್ದರು. ಹಳೆಯ ಅಭ್ಯಾಸ ಬಿಡಿಸಿ ಹೊಸತನ್ನು ಕೂರಿಸುವವರೆಗೆ ಹುಡುಗನಿಗೆ ಬುಟ್ಟಿಯಿಂದ ತುಸು ದೂರ ಸರಿದರೂ ಗುರಿ ಸಿಗುತ್ತಿರಲಿಲ್ಲ. ಎನ್‌ಬಿಎಗೆ ಬಂದ ಮೇಲೆ, ಕಣಕಾಲಿನ ಮೇಲೆ ಬೀಳುತ್ತಿದ್ದ ಹೊರೆಯನ್ನು ಸೊಂಟ ಮತ್ತು ತೊಡೆಯ ಸ್ನಾಯುಗಳು ಹೊರುವಂತೆ ದೇಹವನ್ನು ಹೊಸದಾಗಿ ತಯಾರು ಮಾಡಬೇಕಾಯಿತು. ಅದರ ಫಲ ಕಂಡದ್ದು 2012-13ರಲ್ಲಿ. 2013ರ ಫೆಬ್ರವರಿ 27ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕರಿ 54 ಅಂಕ ಗಳಿಸಿದರು. ಬುಟ್ಟಿಯಿಂದ 23 ಅಡಿ 9 ಇಂಚು ದೂರದ ಗೆರೆಯಾಚೆಯಿಂದ ಹಾಕಿದರೆ ಎರಡರ ಬದಲು ಮೂರು ಅಂಕ. ಅಂಥ 13 ಎಸೆತಗಳಲ್ಲಿ ಅಂದು 11 ಬುಟ್ಟಿ ಸೇರಿದವು. ಅಷ್ಟಾದರೂ ವಾರಿಯರ್ಸ್ ಆ ಪಂದ್ಯ ಸೋತಿತು ಎಂಬುದನ್ನು ಈಗ ಕೆಲವರೇ ನೆನೆಯುತ್ತಾರೆ. ಆ ಸೀಸನ್ ಮುಗಿಯುವ ಹೊತ್ತಿಗೆ 272 ತ್ರೀ ಪಾಯಿಂಟರ್ ಹಾಕಿ ರೇ ಆಲನ್ ಅವರ 269ರ ದಾಖಲೆಯನ್ನು ಕರಿ ಮುರಿದಿದ್ದರು. ಮೂರು ವರ್ಷ ಕಳೆದ ಮೇಲೆ ಅದೇ ಲೆಕ್ಕ 402ಕ್ಕೆ ಏರಿತು, ತಂಡ 82ರಲ್ಲಿ 73 ಪಂದ್ಯ ಗೆದ್ದಿತು, ಮತ ಹಾಕಿದ ಪ್ರತಿಯೊಬ್ಬರೂ ಕರಿಯನ್ನೇ ಅತ್ಯುತ್ತಮ ಆಟಗಾರ ಎಂದರು. ಲೀಗಿನ ಇತಿಹಾಸದಲ್ಲಿ ಇಂಥ ಸರ್ವಾನುಮತ ಅದೇ ಮೊದಲು. ಮೂರು ಅಂಕದ ಗೆರೆ ಎನ್‌ಬಿಎಗೆ ಬಂದ 1979-80ರಲ್ಲಿ ತಂಡವೊಂದು ಪಂದ್ಯಕ್ಕೆ ಸರಾಸರಿ ಮೂರು ಸಲವೂ ಅಲ್ಲಿಂದ ಪ್ರಯತ್ನಿಸುತ್ತಿರಲಿಲ್ಲ. ಈಗ ಆ ಸರಾಸರಿ 35ನ್ನೂ ದಾಟಿದೆ. ಆಟದ ಸ್ವರೂಪವೇ ಬದಲಾದ ಮೇಲೆ ಅದನ್ನು ಬದಲಿಸಿದವನ ಬಗ್ಗೆ ಹಿಂದೆ ಅನುಮಾನ ಇತ್ತೆಂಬುದನ್ನು ನಂಬುವುದೇ ಕಷ್ಟ.

ಈ ಕಷ್ಟಕ್ಕೆ ಮನಶ್ಶಾಸ್ತ್ರದಲ್ಲಿ ವಿವರಣೆ ಇದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೊರಟಾಗ ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ಇಸ್ರೇಲಿನ ವಿದ್ಯಾರ್ಥಿಗಳನ್ನು, ಈ ಭೇಟಿಗಳಿಂದ ಇಂತಿಂಥದು ಆಗುವ ಸಂಭವ ಎಷ್ಟು ಎಂದು ಕೇಳಿ ಬರೆಸಿಕೊಂಡರು. ಭೇಟಿ ಮುಗಿದ ಮೇಲೆ, ನೀವು ಅಂದು ಏನು ಬರೆದಿದ್ದಿರಿ, ನೆನಪಿಸಿಕೊಳ್ಳಿ ಎಂದರು. ನಿಜಕ್ಕೂ ನಡೆದ ಸಂಗತಿಗಳ ಮಟ್ಟಿಗೆ ವಿದ್ಯಾರ್ಥಿಗಳು ತಾವು ಬರೆದದ್ದಕ್ಕಿಂತ ಹೆಚ್ಚಿನ ಅಂದಾಜನ್ನು ‘ನೆನಪಿಸಿಕೊಂಡರು’. 1975ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿಕೊಟ್ಟದ್ದು ಇಷ್ಟು: ಫಲಿತಾಂಶ ಗೊತ್ತಾದ ಕೂಡಲೇ ಮನಸ್ಸು ತನ್ನ ಹಳೆಯ ಅಜ್ಞಾನವನ್ನು ತಿದ್ದಿಬಿಡುತ್ತದೆ. ಇದರಲ್ಲಿ ಮೋಸವಿಲ್ಲ. ಹಾಗೆ ಹೇಳುವವನು ನಿಜವೆಂದು ನಂಬಿಯೇ ಹೇಳುತ್ತಾನೆ. ಆಟಗಾರನನ್ನು ಮನಸಾರೆ ಮೆಚ್ಚಿದವನಲ್ಲಿ ಈ ತಿದ್ದುಪಡಿ ಇನ್ನೂ ಸಲೀಸಾಗಿ ನಡೆಯುತ್ತದೆ ಎಂದು ನಾನು ಭಾವಿಸುತ್ತೇನೆ. ಪ್ರೀತಿಗೆ ತಾನು ಎಂದೂ ಅನುಮಾನಿಸಲಿಲ್ಲ ಎಂದು ನಂಬುವ ಆಸೆ ಇರುತ್ತದೆ.

ಇಲ್ಲಿ ಯಾರಾದರೂ ಲೆಬ್ರಾನ್ ಜೇಮ್ಸ್ ಹೆಸರೆತ್ತಬಹುದು. ನ್ಯಾಯವಾದ ಆಕ್ಷೇಪವೇ. ಇನ್ನೂ ಹೈಸ್ಕೂಲಿನಲ್ಲಿದ್ದಾಗ, 2002ರಲ್ಲೇ, ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಅವರನ್ನು ಮುಖಪುಟಕ್ಕೆ ಹಾಕಿ ಅವತಾರ ಪುರುಷನಂತೆ ಬಣ್ಣಿಸಿತ್ತು. 2003ರಲ್ಲಿ ತವರಿನ ಕ್ಲೀವ್‌ಲ್ಯಾಂಡ್ ತಂಡ ಮೊದಲನೆಯವರಾಗಿ ಆರಿಸಿಕೊಂಡಿತು. ನಿರೀಕ್ಷೆ ಹುಸಿಯಾಗಲಿಲ್ಲ. ಹಾಗಾದರೆ ಕೆಲವರ ಏರಿಕೆಯಾದರೂ ಮೊದಲೇ ಗೊತ್ತಿತ್ತಲ್ಲ? ಪ್ರತಿಭೆ ಗೊತ್ತಿತ್ತು, ನಿಜ. ಅಭಿಮಾನಿಗಳ ಪಾಲಿಗೆ ಮುಂದೇನು ಕಾದಿದೆ ಎಂಬುದು ಗೊತ್ತಿರಲಿಲ್ಲ. 2010ರ ಜುಲೈನಲ್ಲಿ ಲೆಬ್ರಾನ್ ಟೆಲಿವಿಷನ್ನಿನ ಎದುರು ಕೂತು ಮಯಾಮಿಗೆ ಹೋಗುತ್ತೇನೆ ಎಂದಾಗ ಕ್ಲೀವ್‌ಲ್ಯಾಂಡಿನ ಬೀದಿಗಳಲ್ಲಿ ಅವರ ಅಂಗಿಗಳನ್ನು ಸುಟ್ಟರು. 2014ರಲ್ಲಿ ಅವರು ಮರಳಿ ಬಂದರು. 2016ರ ಫೈನಲ್ಸ್‌ನಲ್ಲಿ, 73 ಪಂದ್ಯ ಗೆದ್ದಿದ್ದ ಅದೇ ವಾರಿಯರ್ಸ್ ಎದುರು 1-3ರಿಂದ ಹಿಂದಿದ್ದ ಕ್ಲೀವ್‌ಲ್ಯಾಂಡ್ ಕೊನೆಯ ಮೂರೂ ಪಂದ್ಯ ಗೆದ್ದಿತು. ದೊಡ್ಡ ಕ್ರೀಡೆಗಳಲ್ಲಿ ಆ ನಗರಕ್ಕೆ 1964ರ ನಂತರ ಸಿಕ್ಕ ಮೊದಲ ಪ್ರಶಸ್ತಿ ಅದು. ಅಂಗಿ ಸುಟ್ಟ ಬೀದಿಯನ್ನೂ ನೆನಪಿಟ್ಟವನಿಗೆ ಮಾತ್ರ 2016ರ ಆ ರಾತ್ರಿ ಜನ ಏಕೆ ಅತ್ತರು ಎಂಬುದು ತಿಳಿದೀತು.

ಮಿಲ್ವಾಕಿಯ ಕತೆ ನನ್ನ ಮಾತಿಗೆ ಇನ್ನೂ ಹತ್ತಿರದ್ದು. ನೈಜೀರಿಯಾದಿಂದ ವಲಸೆ ಬಂದ ತಂದೆತಾಯಿಗೆ ಅಥೆನ್ಸ್‌ನಲ್ಲಿ ಹುಟ್ಟಿ, ಮನೆ ನಡೆಸಲು ಬೀದಿಯಲ್ಲಿ ಕನ್ನಡಕ, ಗಡಿಯಾರ ಮಾರಿದ ಯಾನಿಸ್ ಆಂಟೆಟೊಕೂಂಪೊ ಗ್ರೀಸ್‌ನ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ ಹುಡುಗ. 2013ರಲ್ಲಿ ಮಿಲ್ವಾಕಿ 15ನೆಯವರಾಗಿ ಆರಿಸಿಕೊಂಡಿತು. ಆ ಸೀಸನ್ನಿನಲ್ಲಿ ತಂಡ 15 ಗೆದ್ದು 67 ಸೋತಿತು. ತಂಡದ ಇತಿಹಾಸದಲ್ಲೇ ಅಷ್ಟು ಕಳಪೆ ವರ್ಷ ಇನ್ನೊಂದಿಲ್ಲ. ಯಾನಿಸ್ ಗಳಿಸಿದ್ದು ಪಂದ್ಯಕ್ಕೆ ಸರಾಸರಿ 6.8 ಅಂಕ. ಆ ಚಳಿಗಾಲದ ಸಂಜೆಗಳಲ್ಲಿ ಕ್ರೀಡಾಂಗಣಕ್ಕೆ ಬಂದವರು ಕಂಡದ್ದು ಉದ್ದನೆಯ ಕೈಕಾಲುಗಳ, ಇನ್ನೂ ಎತ್ತರ ಬೆಳೆಯುತ್ತಲೇ ಇದ್ದ, ಎಲ್ಲಿಗೆ ಓಡಬೇಕೆಂದು ಕೆಲವೊಮ್ಮೆ ತಿಳಿಯದ ಹುಡುಗನನ್ನು. ಎಂಟು ವರ್ಷಗಳ ನಂತರ, 2021ರ ಜುಲೈ 20ರಂದು, ಆತ ಫೀನಿಕ್ಸ್ ವಿರುದ್ಧ 50 ಅಂಕ ಗಳಿಸಿ ಮಿಲ್ವಾಕಿಗೆ 1971ರ ನಂತರದ ಮೊದಲ ಪ್ರಶಸ್ತಿ ತಂದರು. ಆ ಪ್ಲೇಆಫ್‌ನಲ್ಲಿ ಯಾನಿಸ್ ಫ್ರೀ ಥ್ರೋ (ಫೌಲಿಗೆ ಪ್ರತಿಯಾಗಿ ಸಿಗುವ ಎಸೆತ) ಎಸೆಯಲು ನಿಂತು ಹೊತ್ತು ತೆಗೆದುಕೊಂಡಾಗಲೆಲ್ಲ ಎದುರಾಳಿ ಊರುಗಳ ಪ್ರೇಕ್ಷಕರು ಒಕ್ಕೊರಲಿನಿಂದ ಸೆಕೆಂಡು ಎಣಿಸಿ ಗೇಲಿ ಮಾಡುತ್ತಿದ್ದರು. ಆಟದ ಆ ಭಾಗ ದುರ್ಬಲವೂ ಆಗಿತ್ತು. ಕೊನೆಯ ರಾತ್ರಿ 19 ಫ್ರೀ ಥ್ರೋಗಳಲ್ಲಿ 17 ಒಳಗೆ ಬಿದ್ದವು. ಮೊದಲ ವರ್ಷದಿಂದ ನೋಡುತ್ತಾ ಬಂದವರಿಗೆ ಪ್ರತಿ ಎಸೆತಕ್ಕೂ ಎದೆ ಹಾರಿರಬೇಕು. ಗೆದ್ದ ಮೇಲೆ ಬಂದು ಸೇರಿದವರಿಗೆ 17 ಎಂಬುದು ಒಂದು ಸಂಖ್ಯೆ. ಡೆನ್ವರ್‌ನ ನಿಕೊಲಾ ಯೊಕಿಚ್ ವಿಷಯದಲ್ಲಂತೂ 2014ರ ಡ್ರಾಫ್ಟ್‌ನಲ್ಲಿ 41ನೇ ಹೆಸರಾಗಿ ಪ್ರಕಟವಾದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ಮುಂದೆ ಮೂರು ಬಾರಿ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡವರೂ 2023ರಲ್ಲಿ ಆ ನಗರಕ್ಕೆ ಮೊದಲ ಎನ್‌ಬಿಎ ಪ್ರಶಸ್ತಿ ತಂದವರೂ ಇವರೇ.

ಲೆಬ್ರಾನ್ ಹೆಸರೆತ್ತುವ ಆಕ್ಷೇಪಕ್ಕಿಂತ ಗಟ್ಟಿಯಾದದ್ದು ಮತ್ತೊಂದಿದೆ. ನಾವು ಹೇಳುವುದೆಲ್ಲ ಗೆದ್ದವರ ಕತೆ. ಕಾದು ಕಾದು ಏನೂ ಸಿಗದ ಅಭಿಮಾನಿಗಳೇ ಹೆಚ್ಚು. ಅವರ ನೆನಪಿಗೆ ಏನು ಬೆಲೆ? ಪೋರ್ಟ್‌ಲ್ಯಾಂಡ್ 2007ರಲ್ಲಿ ಕೆವಿನ್ ಡ್ಯುರಾಂಟ್ ಅವರನ್ನು ಬಿಟ್ಟು ಮೊದಲನೆಯವರಾಗಿ ಆರಿಸಿಕೊಂಡ ಗ್ರೆಗ್ ಓಡನ್ ಮಂಡಿನೋವಿನಿಂದ ಇಡೀ ವೃತ್ತಿಜೀವನದಲ್ಲಿ ಆಡಿದ್ದು 105 ಪಂದ್ಯ. ಅದಕ್ಕಿಂತಲೂ ಮನಸ್ಸನ್ನು ಹಿಂಡುವುದು ಡೆರಿಕ್ ರೋಸ್ ಕತೆ. ಷಿಕಾಗೊದ ಬಡ ಬಡಾವಣೆಯೊಂದರಲ್ಲಿ ಬೆಳೆದ ಹುಡುಗ. 2008ರಲ್ಲಿ ಮೊದಲ ಆಯ್ಕೆಯ ಹಕ್ಕು ಷಿಕಾಗೊಗೆ ಸಿಗುವ ಸಂಭವ ಇದ್ದದ್ದು ಶೇ 1.7 ಮಾತ್ರ, ಲಾಟರಿ ಒಲಿದು ಊರಿನ ಹುಡುಗ ಊರಿನ ತಂಡಕ್ಕೇ ಬಂದ. 2011ರಲ್ಲಿ, 22ನೇ ವಯಸ್ಸಿಗೆ, ಎನ್‌ಬಿಎ ಇತಿಹಾಸದಲ್ಲೇ ಸೀಸನ್ನಿನ ಅತ್ಯುತ್ತಮ ಆಟಗಾರ ಎನಿಸಿಕೊಂಡ ಅತಿ ಕಿರಿಯ. ಜೋರ್ಡಾನ್ ನಂತರ ಆ ನಗರ ಕಾದಿದ್ದ ಆಟಗಾರ ಇವನೇ ಎಂದು ಎಲ್ಲರಿಗೂ ಅನಿಸಿತ್ತು. 2012ರ ಏಪ್ರಿಲ್ 28ರಂದು ಪ್ಲೇಆಫ್‌ನ ಮೊದಲ ಪಂದ್ಯ ಹೆಚ್ಚುಕಡಿಮೆ ಗೆದ್ದೇ ಆಗಿದ್ದಾಗ, ಕೊನೆಯ ನಿಮಿಷಗಳಲ್ಲಿ ಮಂಡಿಯ ಲಿಗಮೆಂಟ್ ಹರಿಯಿತು. ಮುಂದಿನ ಸೀಸನ್ ಪೂರ್ತಿ ಹೋಯಿತು, ಹಳೆಯ ಆಟ ಮರಳಲೇ ಇಲ್ಲ. 2018ರ ಅಕ್ಟೋಬರ್ 31ರಂದು ಮಿನ್ನೆಸೋಟ ಪರ ಯೂಟಾ ವಿರುದ್ಧ ರೋಸ್ 50 ಅಂಕ ಗಳಿಸಿ ಅಂಗಳದಲ್ಲೇ ಅತ್ತರು. ಲೆಕ್ಕದ ಪುಸ್ತಕದಲ್ಲಿ ಅದು ಸೀಸನ್ನಿನ ಆರಂಭದ ಸಾಧಾರಣ ಪಂದ್ಯ. ಪ್ರಶಸ್ತಿಯನ್ನೇ ಅಳತೆಗೋಲಾಗಿಸಿದರೆ ರೋಸ್ ಬಗ್ಗೆ ಷಿಕಾಗೊ ಅಭಿಮಾನಿಗಳ ನೆನಪು ವ್ಯರ್ಥ. ಆದರೆ ರೋಸ್ ನಿವೃತ್ತರಾದ ಮೇಲೆ ಅವರ 1ನೇ ನಂಬರನ್ನು ಶಾಶ್ವತವಾಗಿ ಎತ್ತಿಡುವುದಾಗಿ ಷಿಕಾಗೊ ತಂಡ 2025ರಲ್ಲಿ ಘೋಷಿಸಿತು. ಅವರು ಆ ತಂಡಕ್ಕೆ ಒಂದೂ ಪ್ರಶಸ್ತಿ ತಂದಿರಲಿಲ್ಲ. ಏರುವುದನ್ನು ಕಣ್ಣಾರೆ ಕಂಡ ಸಂತೋಷಕ್ಕೆ ಗೆಲುವಿನ ಮುದ್ರೆ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ಕಾಣುವುದಿಲ್ಲ. ಸೋತವರ ಕತೆಗಳು ನನ್ನ ವಾದವನ್ನು ಗಟ್ಟಿಗೊಳಿಸುತ್ತವೆ: 2011ರ ರೋಸ್ ಮತ್ತು 2011ರ ಕರಿಯನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿದವರಿಗೆ ಯಾರ ಕಾಲು ಉಳಿಯುತ್ತದೆ ಎಂದು ಹೇಳಲಾಗುತ್ತಿರಲಿಲ್ಲ.

ಈಗ ಎಲ್ಲ ಪಂದ್ಯಗಳ ದೃಶ್ಯವೂ ಅಂಕಿಅಂಶವೂ ಬೆರಳ ತುದಿಯಲ್ಲಿ ಸಿಗುವಾಗ ಅಭಿಮಾನಿಯ ನೆನಪನ್ನು ನಂಬಬೇಕಾದರೂ ಏಕೆ ಎಂದು ಕೇಳುವವರಿದ್ದಾರೆ. ಅಂಕಿಅಂಶ ಬೇಕೇ ಬೇಕು. ಮನಸ್ಸು ತಿದ್ದಿದ್ದನ್ನು ಹಿಡಿದು ನಿಲ್ಲಿಸುವುದು ಅದೇ. ಆದರೆ ಜನ ಹೆಚ್ಚಾಗಿ ನೋಡುವುದು ಅಂಕಿಅಂಶವನ್ನಲ್ಲ, ಎರಡು ಮೂರು ನಿಮಿಷದ ಆಯ್ದ ತುಣುಕುಗಳನ್ನು. ಅವುಗಳಲ್ಲಿ ಗುರಿ ತಪ್ಪಿದ ಎಸೆತ ಇರುವುದಿಲ್ಲ. ಆಟದ ಇತಿಹಾಸದ ಅತಿ ದೊಡ್ಡ ಗುರಿಕಾರನಾದ ಕರಿಯ ತ್ರೀ ಪಾಯಿಂಟರ್ ಎಸೆತಗಳಲ್ಲೂ ಅರ್ಧಕ್ಕಿಂತ ಹೆಚ್ಚು ಹೊರಗೆ ಬೀಳುತ್ತವೆ. ಬರೀ ಬಿದ್ದ ಬುಟ್ಟಿಗಳನ್ನು ನೋಡಿದವನಿಗೆ ಇದು ಸುಲಭದ ಕೆಲಸ ಎನಿಸುತ್ತದೆ. ಹತ್ತು ಎಸೆತ ತಪ್ಪಿದ ಮೇಲೂ ಹನ್ನೊಂದನೆಯದನ್ನು ಅಳುಕದೆ ಎಸೆಯುವುದನ್ನು ಕಂಡವನಿಗೆ ಈತ ಹೇಗೆ ಬೇರೆ ಎಂಬುದು ಗೊತ್ತು. ಇದು ಪೂರ್ತಿ ಪಂದ್ಯ ನೋಡಿದರೆ ಮಾತ್ರ ಸಿಗುವ ತಿಳಿವಳಿಕೆ.

ಕನ್ನಡದ ಓದುಗರಿಗೆ ಈ ಆಟ ಅಷ್ಟೇನೂ ದೂರದ್ದಲ್ಲ. ವಾರಿಯರ್ಸ್ ತಂಡದ ಸುತ್ತಮುತ್ತಲ ಊರುಗಳಲ್ಲಿ, ಫ್ರೀಮಾಂಟ್‌ನಿಂದ ಸ್ಯಾನ್ ಹೋಸೆವರೆಗೆ, ನೆಲೆಸಿದ ಕನ್ನಡ ಕುಟುಂಬಗಳು ಬಹಳ. ಕರ್ನಾಟಕದಲ್ಲಿದ್ದು ನೋಡುವವರಿಗೆ ಸಮಯವೂ ಅನುಕೂಲವೇ: ಚಳಿಗಾಲದಲ್ಲಿ ನ್ಯೂಯಾರ್ಕಿನ ರಾತ್ರಿ ಏಳೂವರೆಯ ಪಂದ್ಯ ನಮಗೆ ಬೆಳಗಿನ ಆರಕ್ಕೆ, ಕ್ಯಾಲಿಫೋರ್ನಿಯಾದ ಏಳರ ಪಂದ್ಯ ಎಂಟೂವರೆಗೆ ಶುರುವಾಗುತ್ತದೆ. ಹೊಸದಾಗಿ ನೋಡತೊಡಗುವವರು ಈಗಾಗಲೇ ಪಟ್ಟಕ್ಕೇರಿದವರ ಹಿಂದೆ ಹೋಗಬೇಕಿಲ್ಲ. ಸೋಲುತ್ತಿರುವ ತಂಡವೊಂದನ್ನು ಆರಿಸಿಕೊಳ್ಳಿ. ಅದರಲ್ಲಿ ಇಪ್ಪತ್ತರ ಆಸುಪಾಸಿನ, ಬೆಂಚಿನಿಂದೆದ್ದು ಬಂದು ಹದಿನೈದು ನಿಮಿಷ ಆಡುವ ಹುಡುಗನೊಬ್ಬನನ್ನು ಗಮನಿಸಿ. ಅವನ ಬಗ್ಗೆ ನಿಮಗೆ ಇಂದು ಏನನಿಸುತ್ತದೆ, ಯಾವುದರಲ್ಲಿ ಅನುಮಾನ, ಯಾವುದರಲ್ಲಿ ಆಸೆ, ಎಲ್ಲವನ್ನೂ ತಾರೀಖು ಹಾಕಿ ಒಂದು ಪುಟದಲ್ಲಿ ಬರೆದಿಡಿ. ಐದಾರು ವರ್ಷಗಳ ನಂತರ ಆತ ಏನಾದರೂ ಆಗಿರಲಿ, ಆ ಪುಟವನ್ನು ತಿದ್ದಬೇಡಿ.